ಕೊಳ್ಳದೆ ಉಳಿಸಿದ ಏಣಿ

ಪುರಸಭೆಯ ಬೀದಿದೀಪ ವಿಭಾಗದ ಏಕೈಕ ಏಣಿಗೆ ದಾಖಲೆಯ ಪ್ರಕಾರ ಹದಿನಾಲ್ಕು ಮೆಟ್ಟಿಲುಗಳಿದ್ದು, ಅವುಗಳ ಪೈಕಿ ಒಂಬತ್ತು ಹಾಜರಿದ್ದವು. ಗೈರುಹಾಜರಾದ ಐದರ ಪ್ರಭಾರವನ್ನು ಒಂದು ಸೆಣಬಿನ ಹಗ್ಗ ವಹಿಸಿಕೊಂಡಿತ್ತು.

ಆ ಏಣಿ ಹತ್ತುವವನು ಉಗ್ರಾಣದ ಗುಮಾಸ್ತನ ಭಾವಮೈದ. ಹಾಗಾಗಿ ಗುಮಾಸ್ತ ನಾಲ್ಕು ವರ್ಷಗಳಲ್ಲಿ ಹನ್ನೊಂದು ಸಲ ಹೊಸ ಏಣಿಗೆ ಬೇಡಿಕೆಪಟ್ಟಿ ಬರೆದಿದ್ದ. ಹನ್ನೊಂದೂ ಫೈಲಿನಲ್ಲಿ ಸುಖವಾಗಿದ್ದವು. ಮನೆಯಲ್ಲಿ ಹೆಂಡತಿ ಮಾತ್ರ ಸುಖವಾಗಿರಲಿಲ್ಲ.

"ರೀ, ಇರೋನು ಒಬ್ಬ ತಮ್ಮ. ಅವನು ಬಿದ್ದ ಮೇಲೆ ತರ್ತೀರಾ ಏಣಿ?"

"ಹನ್ನೆರಡನೇದು ನಾಳೆ ಬರೀತೀನಿ ಕಣೆ."

ಅಷ್ಟರಲ್ಲಿ ಖರೀದಿಯಲ್ಲಿ ಉಳಿತಾಯ ಸಾಧಿಸಲು ಪುರಸಭೆಯು ದತ್ತಾಂಶ ವಿಶ್ಲೇಷಣೆಯ ತಜ್ಞೆಯೊಬ್ಬರನ್ನು ನೇಮಿಸಿತು. ಎಲ್ಲರ ಬಾಯಲ್ಲೂ ಅವರು ಡೇಟಾ ಮೇಡಂ. ಉಳಿದದ್ದರಲ್ಲಿ ನೂರಕ್ಕೆ ಎರಡು ಅವರ ಶುಲ್ಕ. ಮೂರು ವಾರ ಧೂಳು ಕುಡಿದು ಹಳೆಯ ಬೇಡಿಕೆಪಟ್ಟಿಗಳನ್ನೆಲ್ಲ ಕಂಪ್ಯೂಟರಿಗೆ ಉಣಿಸಿದರು. ಕೇಳಿದ ಬೆಲೆಯಲ್ಲಿ ಖರ್ಚಾದದ್ದನ್ನು ಕಳೆದರೆ ಉಳಿತಾಯ ಎಂದು ಸೂತ್ರ ಹಾಕಿ, ಗೋಡೆಯ ಮೇಲೆ ಬಣ್ಣದ ಕಂಬಗಳನ್ನು ಮೂಡಿಸಿದರು. ಪೊರಕೆ ಕೆಂಪು, ಫಿನೈಲ್ ಕೆಂಪು, ಅವುಗಳನ್ನು ಕೊಂಡಿದ್ದರು. ಸೂರಿನ ತನಕ ಹಸಿರಾಗಿ ಬೆಳೆದ ಕಂಬ ಒಂದೇ.

"ಯಾವುದದು?" ಎಂದರು ಮುಖ್ಯಾಧಿಕಾರಿ.

"ಏಣಿ ಸರ್. ಹನ್ನೊಂದು ಸಲ ಕೇಳಿದಾರೆ, ಹನ್ನೊಂದು ಸಲವೂ ಕೊಂಡಿಲ್ಲ. ನೂರಕ್ಕೆ ನೂರು."

ಮುಖ್ಯಾಧಿಕಾರಿ ಎದ್ದು ಬಂದು ಗುಮಾಸ್ತನ ಕೈ ಕುಲುಕಿದರು. "ಇಂಥ ಪ್ರತಿಭೆ ಇಟ್ಕೊಂಡು ಮೂಲೇಲಿ ಕೂತಿದ್ದೀರಲ್ರೀ."

"ಸರ್, ಆ ಏಣಿ ನಿಜಕ್ಕೂ ಬೇಕಿತ್ತು."

"ಬೇಕಿದ್ದಕ್ಕೇ ಅಲ್ವೇನ್ರೀ ಕೇಳಿದ್ದು? ಕೇಳಿದ್ದಕ್ಕೇ ಅಲ್ವಾ ಉಳಿದದ್ದು?"

ಗುಮಾಸ್ತನಿಗೆ ಇದರಲ್ಲಿ ತಪ್ಪು ಹುಡುಕಲು ಆಗಲಿಲ್ಲ.

ಮರುದಿನವೇ ಸುತ್ತೋಲೆ ಹೊರಟಿತು: "ಪ್ರತಿ ವಿಭಾಗವೂ ತಿಂಗಳಿಗೆ ಕನಿಷ್ಠ ಐದು ವಸ್ತುಗಳನ್ನು ಕೊಳ್ಳದಿರತಕ್ಕದ್ದು. ಕೊಳ್ಳದಿರುವ ಮುನ್ನ ಮೂರು ಕೊಟೇಶನ್ ಪಡೆದು, ಅತಿ ಹೆಚ್ಚಿನ ದರದವರಿಂದಲೇ ಕೊಳ್ಳದಿರತಕ್ಕದ್ದು."

ಒಳಚರಂಡಿ ವಿಭಾಗ ಎರಡು ಹೆಲಿಕಾಪ್ಟರ್ ಕೊಳ್ಳಲಿಲ್ಲ. ಸಮುದ್ರ ಮುನ್ನೂರು ಮೈಲಿ ಆಚೆಗಿದ್ದರೂ ಉದ್ಯಾನ ವಿಭಾಗ ಎದೆಗುಂದದೆ ಒಂದು ಹಡಗನ್ನೇ ಕೊಳ್ಳದೆ ಬಿಟ್ಟಿತು. ಇಷ್ಟರಲ್ಲಿ ನಿಜವಾದ ಹಣವೆಂದರೆ ಡೇಟಾ ಮೇಡಂಗೆ ಸಲ್ಲಬೇಕಾದ ನೂರಕ್ಕೆ ಎರಡು ಮಾತ್ರ. ಅದನ್ನು ಬೀದಿದೀಪದ ಅನುದಾನದಿಂದ ಕೊಡಲಾಯಿತು.

ಗುಮಾಸ್ತ ಹನ್ನೆರಡನೆಯ ಬೇಡಿಕೆಪಟ್ಟಿಯನ್ನು ಖುದ್ದಾಗಿ ಒಯ್ದು ಮೇಜಿನ ಮೇಲಿಟ್ಟ. "ಸರ್, ಇದೊಂದನ್ನ ಕೊಂಡುಬಿಡಿ. ಭಾವಮೈದ ಬೀಳ್ತಾನೆ."

"ನಿಮ್ಮ ದಾಖಲೆ ನೀವೇ ಮುರೀತೀರಾ?" ಎಂದರು ಮುಖ್ಯಾಧಿಕಾರಿ, ನಿಜಕ್ಕೂ ನೊಂದು.

ಗುರುವಾರ ಮಧ್ಯಾಹ್ನ ಹಗ್ಗ ರಾಜೀನಾಮೆ ಕೊಟ್ಟಿತು. ಭಾವಮೈದನ ಎಡಗಾಲು ಎರಡು ಕಡೆ ಮುರಿಯಿತು.

ಡೇಟಾ ಮೇಡಂ ಕೂಡಲೇ ಲೆಕ್ಕ ಹಾಕಿದರು: ಹತ್ತುವವನಿಲ್ಲ, ಆದ್ದರಿಂದ ಬಲ್ಬು ಖರ್ಚಿಲ್ಲ, ವಿದ್ಯುತ್ತೂ ಖರ್ಚಿಲ್ಲ. ಊರು ಕಪ್ಪಾಯಿತು, ಕಂಬ ಇನ್ನಷ್ಟು ಹಸಿರಾಯಿತು. ಸಾಧನೆಯನ್ನು ಘೋಷಿಸಿದ ಸಭೆಗೆ ನಾಗರಿಕರು ದಾರಿ ಕಾಣಲು ಟಾರ್ಚ್ ತಂದಿದ್ದರು. ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಚಪ್ಪಾಳೆ ತಟ್ಟಿದರು.

ಭಾವಮೈದನ ಹೆಸರಿಗೆ ಬಂದ ಪ್ರಶಂಸಾಪತ್ರ ಹಿಡಿದು ಗುಮಾಸ್ತ ಹೆಂಡತಿಯೊಡನೆ ಆಸ್ಪತ್ರೆಗೆ ಹೋದ. ಮಲಗಿದ್ದವನು ಅದರಲ್ಲಿದ್ದ ಉಳಿತಾಯದ ಮೊತ್ತವನ್ನು ಎರಡು ಸಲ ಓದಿದ.

"ಅಕ್ಕ, ನನ್ನಿಂದ ಇಷ್ಟೊಂದು ಉಳೀತಾ?"

"ಅದೂ ಒಂದೇ ಕಾಲಿಗೆ" ಎಂದಳು ಅಕ್ಕ, ಹೆಮ್ಮೆ ಮುಚ್ಚಿಡಲಾಗದೆ.

ಡಾಕ್ಟರು ಊರುಗೋಲು ಬೇಕೆಂದಿದ್ದರು. ಗುಮಾಸ್ತ ಅಲ್ಲೇ ಮಂಚದ ತುದಿಯಲ್ಲಿ ಕೂತು ಬೇಡಿಕೆಪಟ್ಟಿ ಬಿಡಿಸಿದ.

"ಮರದ್ದು ಅಂತ ಬರೀಲೇನೋ?"

"ಬೆಳ್ಳೀದು ಅಂತ ಬರೀರಿ ಭಾವ" ಎಂದ ಭಾವಮೈದ. "ಹೇಗೂ ಕೊಳ್ಳಲ್ಲ. ಉಳಿಯೋದಾದ್ರೂ ಚೆನ್ನಾಗಿ ಉಳೀಲಿ."