ಎಡಗೈಯಲ್ಲಿ ಬರೆದ ಅರ್ಜಿ

ಲಿಂಗರಾಜು ತನ್ನ ಐವತ್ತೆರಡು ವರ್ಷದ ಬಾಳಿನಲ್ಲಿ ಮಾಡಿದ ಒಂದೇ ಒಂದು ಧೈರ್ಯದ ಕೆಲಸವನ್ನು ಎಡಗೈಯಲ್ಲಿ ಮಾಡಿದ್ದ. ಬಲಗೈಯಲ್ಲಿ ಬರೆದರೆ ಅಕ್ಷರದ ಗುರುತು ಸಿಕ್ಕೀತೆಂದು ಎಡಗೈಗೆ ಪೆನ್ನು ಕೊಟ್ಟು, ನಾಲಿಗೆ ಕಚ್ಚಿಕೊಂಡು, ಹಾಳೆಯ ತುಂಬ ಅರ್ಜಿ ಬರೆದು, ಹೆಸರು ಹಾಕದೆ ಮಳವಳ್ಳಿಯ ಅಂಚೆ ಡಬ್ಬಕ್ಕೆ ಬಿಟ್ಟು, ತಿರುಗಿ ನೋಡದೆ ಬಸ್ಸು ಹತ್ತಿದ್ದ.

ಬೆಳಕವಾಡಿ ರಸ್ತೆಯ ಪಕ್ಕದ ಹೊಂಗೆಕೊಪ್ಪಲಿನಲ್ಲಿ ಅವನು ನಾಲೆಯ ಸೌಡಿ. ತೂಬಿನ ಗೇಟು ಎತ್ತಿ ಗದ್ದೆಗಳಿಗೆ ನೀರು ಬಿಡುವುದು, ಇಳಿಸಿ ನಿಲ್ಲಿಸುವುದು, ಎರಡಕ್ಕೂ ಬೈಸಿಕೊಳ್ಳುವುದು ಅವನ ಕೆಲಸ. ಎರಡು ವರ್ಷದ ಹಿಂದೆ ನಾಲೆಗೆ ಕಾಂಕ್ರೀಟು ಹೊದಿಸಿದಾಗ ಊರಿನ ಸೋಪಾನಕಟ್ಟೆ ಕಿತ್ತುಹೋಗಿತ್ತು. ಹೆಂಗಸರು ಅಜ್ಜಿ ಕಾಲದಿಂದ ಬಟ್ಟೆ ಒಗೆಯಲು ಇಳಿಯುತ್ತಿದ್ದ ಕಲ್ಲು ಮೆಟ್ಟಿಲುಗಳಿದ್ದ ಕಡೆ ಈಗ ನುಣ್ಣನೆಯ ಇಳಿಜಾರು. ಪಾಚಿ ಕಟ್ಟಿದ ಮೇಲಂತೂ ಅದರ ಮೇಲೆ ಹಲ್ಲಿಯೂ ಯೋಚಿಸಿ ಕಾಲಿಡುತ್ತಿತ್ತು. ಅರ್ಜಿ ಕೇಳಿದ್ದು ಮೆಟ್ಟಿಲು ಮಾತ್ರ. ಆದರೆ ಇಲಾಖೆಯ ಸಂಬಳ ಉಣ್ಣುವವನೇ ಇಲಾಖೆಗೆ ದೂರು ಬರೆದರೆ ಗತಿಯೇನು? ಅದಕ್ಕೇ ಎಡಗೈ.

ಸೋಮವಾರ ಬೆಳಿಗ್ಗೆ ಮಳವಳ್ಳಿಯ ಕಚೇರಿಯಿಂದ ಕರೆ ಬಂತು. ಹೋದರೆ ಹೊಸ ಇಂಜಿನಿಯರ್ ಪ್ರಸನ್ನ ಮೇಜಿನ ಮೇಲೆ ಅದೇ ಹಾಳೆ ಹರಡಿಕೊಂಡು ಕೂತಿದ್ದರು. ಅಕ್ಷರಗಳು ಕೆಸರಿನಲ್ಲಿ ಏಡಿ ಓಡಿಹೋದ ಹಾಗಿದ್ದವು.

"ಲಿಂಗರಾಜು, ಇದು ನಿಮ್ಮ ಊರಿಂದ ಬಂದಿದೆ. ಹೆಸರಿಲ್ಲ. ಬರೆದವರು ಯಾರು ಅಂತ ಪತ್ತೆ ಮಾಡಿ, ಸಂಜೆ ನಾಲ್ಕರೊಳಗೆ ನನ್ನ ಮುಂದೆ ತಂದು ನಿಲ್ಲಿಸು."

"ಯಾಕೆ ಸಾ?" ಎಂದು ಕೇಳಬೇಕೆಂದಿದ್ದ. ಬಾಯಿಂದ ಬಂದದ್ದು "ಆಯ್ತು ಸಾ." ಆಮೇಲೆ ನೋಡಿದರೆ ತಾನು ಎಡಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದ.

ಊರಿಗೆ ಬಂದವನು ಸಂಜೆವರೆಗೆ ಎಲ್ಲಾದರೂ ಅಡಗಿದ್ದು "ಸಿಗ್ನಿಲ್ಲ ಸಾ" ಎಂದುಬಿಡೋಣ ಅಂದುಕೊಂಡ. ಆದರೆ ಬಸ್ಸಿಳಿದ ಕಡೆಯೇ ಟೀ ಅಂಗಡಿ. ಅಂಗಡಿಯ ಮುಂದೆ ಕೆಂಪಸಿದ್ದಯ್ಯ. ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ವಾಚ್‌ಮನ್ ಆಗಿದ್ದು ನಿವೃತ್ತನಾದವನು. ನಿವೃತ್ತಿಯಾದ ಮೇಲೂ ಹೋಗಿ ಬರುವವರನ್ನು ತಡೆದು ವಿಚಾರಿಸುವುದನ್ನು ಬಿಟ್ಟಿರಲಿಲ್ಲ.

"ಯಾಕ್ಲಾ ಲಿಂಗರಾಜ, ಮಕ ಬಾಡೋದ ಬದ್ನೆಕಾಯಿ ಆಗದೆ?"

"ಏನಿಲ್ಲ ಕಣಣ್ಣ."

"ಏನಿಲ್ದೆ ಇಂಗಾಯ್ತದಾ? ಏಳ್ಲಾ."

ಕೆಂಪಸಿದ್ದಯ್ಯನ ಮುಂದೆ ಗುಟ್ಟು ನಿಲ್ಲುವುದುಂಟೆ? ಅರ್ಧ ಟೀ ಕುಡಿಯುವುದರಲ್ಲಿ ಲಿಂಗರಾಜು, ತಾನೇ ಬರೆದದ್ದೊಂದನ್ನು ಬಿಟ್ಟು, ಏಡಿ ಓಡಿದಂಥ ಅಕ್ಷರದವರೆಗೆ ಮಿಕ್ಕಿದ್ದೆಲ್ಲ ಹೇಳಿಬಿಟ್ಟ.

"ಇಷ್ಟೇಯಾ!" ಕೆಂಪಸಿದ್ದಯ್ಯ ಪಂಚೆ ಎತ್ತಿ ಕಟ್ಟಿದ. "ಅಕ್ಸರ ಇಡಿದ್ರೆ ಆಳು ಸಿಕ್ದ ಲೆಕ್ಕ. ನಡಿ, ಊರೋರ್ನೆಲ್ಲ ಬರ್ಸ್ತೀನಿ."

"ಬ್ಯಾಡ ಬುಡಣ್ಣ, ಬಿಸ್ಲು..."

"ಬಿಸ್ಲಿಗೆಲ್ಲ ಎದ್ರುದ್ರೆ ಡ್ಯೂಟಿ ಆಯ್ತದೇನ್ಲಾ?"

ಟೀ ಅಂಗಡಿಯ ಗೋಡೆಯಿಂದ ಹಳೆಯ ಕ್ಯಾಲೆಂಡರು ಇಳಿಯಿತು. ಅದರ ಬೆನ್ನ ಮೇಲೆ ಮನೆಮನೆಯವರೂ 'ಸೋಪಾನಕಟ್ಟೆ' ಎಂದು ಬರೆಯಬೇಕು. ಲಿಂಗರಾಜು ತನ್ನನ್ನು ತಾನೇ ಹಿಡಿಯುವ ತನಿಖೆಯಲ್ಲಿ ಪೆನ್ನು ಹೊತ್ತು ಬಿಸಿಲಲ್ಲಿ ಮೇಲಿನ ಬೀದಿ, ಕೆಳಗಿನ ಬೀದಿ ತಿರುಗಿದ. ಕೆಲವರು 'ಸೊಪಾನ', ಕೆಲವರು 'ಸೋಪಿನ ಕಟ್ಟೆ' ಎಂದು ಬರೆದರು. ಒಬ್ಬಳು ಮುದುಕಿ ಇದು ಪಿಂಚಣಿಯ ಕಾಗದವೆಂದು ಹೆಬ್ಬೆಟ್ಟೊತ್ತಿ, ಇಬ್ಬರಿಗೂ ಮಜ್ಜಿಗೆ ಕೊಟ್ಟು ಕಳಿಸಿದಳು.

ಕೊನೆಗೆ ಕೆಂಪಸಿದ್ದಯ್ಯ ಕಣ್ಣು ಕಿರಿದು ಮಾಡಿ ನೋಡಿದ. "ಎಲ್ಲಾರೂ ಬರುದ್ರು. ನೀನೊಬ್ಬ ಬರ್ದಿಲ್ಲ ಕಣ್ಲಾ."

ಲಿಂಗರಾಜು ಕ್ಯಾಲೆಂಡರನ್ನು ಮಂಡಿಯ ಮೇಲಿಟ್ಟುಕೊಂಡ. ಬಲಗೈಯಲ್ಲೇ ಬರೆದ. ಅವನ ಬಲಗೈ ಅಕ್ಷರ ಮುತ್ತು ಪೋಣಿಸಿದ ಹಾಗೆ.

"ಥೂ, ನೀನಲ್ಲ ಬುಡು," ಎಂದ ಕೆಂಪಸಿದ್ದಯ್ಯ. ಯಾಕೋ ಲಿಂಗರಾಜುವಿಗೆ ಒಂದು ಗಳಿಗೆ ಬೇಜಾರೇ ಆಯಿತು.

ಅಷ್ಟರಲ್ಲಿ ಸುದ್ದಿ ಇವರಿಗಿಂತ ಮುಂದೆ ಓಡಿತ್ತು. ಟೀ ಅಂಗಡಿಯಲ್ಲಿ "ಬರೆದವರನ್ನು ಕರೆತರಬೇಕಂತೆ" ಎಂದಿದ್ದದ್ದು ಮಾರಮ್ಮನ ಗುಡಿಯ ಹತ್ತಿರ "ಕೇಸು ಹಾಕುತ್ತಾರಂತೆ" ಆಗಿ, ಕೆಳಗಿನ ಬೀದಿಯ ಕೊನೆಗೆ "ಜೈಲಂತೆ" ಆಗಿತ್ತು. ಸ್ತ್ರೀಶಕ್ತಿ ಸಂಘದ ಹೊಂಬಾಳಮ್ಮ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬೀದಿ ಮಧ್ಯೆ ನಿಂತಳು.

"ಮೆಟ್ಲು ಕೇಳಿದ್ಕೆ ಜೈಲಾ? ಬರುದ್ದೋರು ಯಾರಾದ್ರೂ ಆಗ್ಲಿ, ನಮ್ ಪರ್ವಾಗಿ ಬರುದ್ರು. ಒಬ್ಬುರ್ನ ಇಡ್ಕೊಡ್ತೀವಾ? ನಡೀರಮ್ಮ, ಎಲ್ಲಾ ಓಗಣ. ಕೊಳೆ ಬಟ್ಟೆ ತಕ್ಕಳಿ. ಆಪೀಸ್ ಮುಂದ್ಲೆ ಒಗ್ದುಬುಡಣ!"

ಎರಡೂ ಬೀದಿಯ ಹೆಂಗಸರು, ಎಂದೂ ಒಂದೇ ಕಡೆ ಕೂತು ಎಲೆಅಡಿಕೆ ಹಾಕಿಕೊಳ್ಳದವರು, ಗಂಟು ಹೊತ್ತು ಬಸ್ಸಿನಲ್ಲಿ ಒತ್ತಿಕೊಂಡು ಕೂತರು. ಕಂಡಕ್ಟರು ನಲವತ್ತೆರಡು ಉಚಿತ ಟಿಕೇಟು ಹರಿದು ಸುಸ್ತಾಗಿ, ಕೊನೆಗೆ ಲಿಂಗರಾಜುವಿನ ಮುಂದೆ ಕೈ ಚಾಚಿದ. ಆ ಬಸ್ಸಿನಲ್ಲಿ ದುಡ್ಡು ಕೊಟ್ಟವನು ಅವನೊಬ್ಬನೇ. ಮುಂದಿನ ಸೀಟಿನಲ್ಲಿ ಅವನ ಹೆಂಡತಿ ಜಯಲಕ್ಷ್ಮಮ್ಮ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ತಿರುಗಿ ಮೆಲ್ಲಗೆ ಕೇಳಿದಳು:

"ಊಟ ಮಾಡುದ್ರಾ?"

"ಊಂ," ಎಂದ. ಮಾಡಿರಲಿಲ್ಲ.

ಕಚೇರಿಯ ಅಂಗಳದ ನಲ್ಲಿಯ ಸುತ್ತ ಬಟ್ಟೆ ಬಡಿಯುವ ಸದ್ದು ಶುರುವಾದಾಗ ಪ್ರಸನ್ನ ಹೊರಗೆ ಓಡಿ ಬಂದರು. ಮೆಟ್ಟಿಲ ಮೇಲೆಲ್ಲ ಸೋಪಿನ ನೊರೆ. ಕಾಲು ಜಾರಿ, ಕಂಬ ಹಿಡಿದು ನಿಂತರು.

"ನೋಡುದ್ರಾ ಸಾ?" ಎಂದಳು ಹೊಂಬಾಳಮ್ಮ. "ನಮ್ಗೆ ದಿನಾ ಇಂಗೇ ಆಗದು. ನಾಲೇಲಿ ಕಂಬನೂ ಇಲ್ಲ."

"ಅಮ್ಮಾ, ನಾನು ಕೇಳಿದ್ದು ಬರೆದವರನ್ನ. ಇಷ್ಟು ಜನಾನ್ನಲ್ಲ. ಲಿಂಗರಾಜು, ಯಾರು ಬರೆದಿದ್ದು?"

"ನಾವೇ!" ಎಂದವು ನಲವತ್ತೆರಡು ಬಾಯಿ.

"ಹಾಗಿದ್ರೆ ಕೇಳಿ, ನಿಮ್ಮದೇನಾ ಹೇಳಿ." ಅವರು ಹಾಳೆ ತಂದು, ಏಡಿ ಅಕ್ಷರಗಳ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದರು. ಮೆಟ್ಟಿಲಿನ ಮಾತು, ಪಾಚಿಯ ಮಾತು ಬಂದವು. ಹೆಂಗಸರು ಊಂಗುಟ್ಟಿದರು. ಕೊನೆಯ ಸಾಲಿಗೆ ಬಂದಾಗ ಪ್ರಸನ್ನರ ದನಿ ತಾನೇ ತಗ್ಗಿತು.

"'ಮೊನ್ನೆ ಒಬ್ಬ ಹೆಂಗಸು ಜಾರಿ ಬಿದ್ದಳು. ಮಂಡಿ ಊದಿದ್ದರೂ ಗಂಡನಿಗೆ ಹೇಳದೆ ಒಂಟಿ ಕಾಲಿನ ಮೇಲೆ ನಿಂತು ಮುದ್ದೆ ತಿರುವಿದಳು. ಗಂಡನೂ ಕೇಳಲಿಲ್ಲ. ಕೇಳಿದರೆ ಅವಳು ಏನೂ ಆಗಿಲ್ಲ ಅನ್ನುತ್ತಾಳೆ ಎಂದು ಅವನಿಗೆ ಗೊತ್ತು.'"

ಬಟ್ಟೆ ಬಡಿಯುವ ಸದ್ದು ನಿಂತಿತು. ಜಯಲಕ್ಷ್ಮಮ್ಮನ ಕೈಯಲ್ಲಿದ್ದ ಲಿಂಗರಾಜುವಿನ ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ತಲೆಯೆತ್ತಿ ಗಂಡನನ್ನು ನೋಡಿದಳು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಹಾಗೆ ನೋಡಿರಲಿಲ್ಲ. ಲಿಂಗರಾಜು ನೆಲ ನೋಡಿದ. ಮತ್ತೆ ಅವಳನ್ನು ನೋಡಿದ. ಎಲ್ಲಿಂದ ಬಂತೋ ಧೈರ್ಯ, ಮುಂದೆ ಬಂದು ನಿಂತ.

"ಸಾ, ಬರುದ್ದೋನು ನಾನೇ."

ಅಂಗಳವೆಲ್ಲ ನಗು. ಎಲ್ಲರಿಗಿಂತ ಜೋರಾಗಿ ನಕ್ಕವನು ಹಿಂದೆಯೇ ಇನ್ನೊಂದು ಬಸ್ಸಿನಲ್ಲಿ ಬಂದು ಸೇರಿದ್ದ ಕೆಂಪಸಿದ್ದಯ್ಯ.

"ಸಾ, ಇವುನ್ ಅಕ್ಸರ ಬ್ಯಾರೆ! ನಾನೇ ಪರೀಕ್ಸೆ ಮಾಡಿವ್ನಿ!" ಎಂದು ಕ್ಯಾಲೆಂಡರು ಬಿಚ್ಚಿ ತೋರಿಸಿದ. "ಎಣ್ಣೈಕಳ್ನ ಉಳ್ಸಕೆ ಸುಳ್ಳೇಳ್ತಾವ್ನೆ ಸಾ. ಒಳ್ಳೇ ಮನ್ಸ."

ಪ್ರಸನ್ನ ಎರಡನ್ನೂ ಹೋಲಿಸಿ ನೋಡಿ ತಲೆಯಾಡಿಸಿದರು. "ಸುಮ್ನಿರಪ್ಪ ಲಿಂಗರಾಜು."

ಆಗ ಜಯಲಕ್ಷ್ಮಮ್ಮ ಎದ್ದಳು. ಕೈ ಒರೆಸಿಕೊಂಡು, ಒಂದು ಕಾಲು ಸ್ವಲ್ಪ ಎಳೆಯುತ್ತ ಬಂದು ಗಂಡನ ಪಕ್ಕ ನಿಂತಳು.

"ಬಿದ್ದೋಳು ನಾನು ಸಾ. ಅರ್ಜಿನೂ ನಂದೇ. ಶಿಕ್ಸೆ ಏನಿದ್ರೂ ನಂಗೇ ಕೊಡಿ."

"ಯಾವ ಶಿಕ್ಷೆ ತಾಯಿ?" ಪ್ರಸನ್ನ ಕಣ್ಣು ಕಣ್ಣು ಬಿಟ್ಟರು. "ಹೆಸರಿಲ್ಲದ ಅರ್ಜಿ ಇಟ್ಟುಕೊಂಡು ಫೈಲು ಹೇಗೆ ಕಳಿಸಲಿ? ಅರ್ಜಿದಾರರ ಹೆಸರು ಬೇಕು, ಜಾಗ ಬೇಕು. ಮೇಲಕ್ಕೆ ಪಟ್ಟಿ ಹೋಗೋದು ಇವತ್ತೇ ಕೊನೆ. ಅದಕ್ಕೇ ನಾಲ್ಕು ಗಂಟೆಯೊಳಗೆ ಕರ್ಕೊಂಡು ಬಾ ಅಂದಿದ್ದು!"

ನಲವತ್ತೆರಡು ಹೆಂಗಸರೂ ಒಟ್ಟಿಗೆ ಲಿಂಗರಾಜುವಿನ ಕಡೆ ತಿರುಗಿದರು. "ಯಾಕೆ ಅಂತ ಕೇಳ್ಬಾರ್ದಾ ಸೌಡಣ್ಣ?" ಎಂದಳು ಹೊಂಬಾಳಮ್ಮ. ಅವನು ಒದ್ದೆ ಅಂಗಳದಲ್ಲಿ ಒಣಗಿ ನಿಂತ.

ಜಯಲಕ್ಷ್ಮಮ್ಮ ಸಹಿ ಹಾಕಿದಳು. ಕೆಳಗೆ ನಲವತ್ತೊಂದು ಸಹಿ, ಹೆಬ್ಬೆಟ್ಟು ಬಿದ್ದವು.

"ಈಗ ಎಲ್ಲಿ ಬಿದ್ದೆ ಹೇಳಮ್ಮ. ಅನಾಹುತ ಆದ ಜಾಗ ಅಂತ ಬರೆದ್ರೆ ಬೇಗ ಒಪ್ಪುತ್ತಾರೆ. ಅಲ್ಲೇ ಕಟ್ಟಿಸ್ತೀನಿ."

ಗುಡಿ ಹತ್ತಿರ ಎನ್ನುತ್ತಾಳೆಂದು ಲಿಂಗರಾಜು ಅಂದುಕೊಂಡಿದ್ದ. ಹಳೆಯ ಕಟ್ಟೆ ಇದ್ದದ್ದು ಅಲ್ಲೇ, ಅವಳು ಒಗೆಯಲು ಹೋಗುತ್ತಿದ್ದದ್ದೂ ಅಲ್ಲೇ. ಜಯಲಕ್ಷ್ಮಮ್ಮ ಸೆರಗಿನ ತುದಿ ತಿರುಚುತ್ತ ತಡೆದು ತಡೆದು ಹೇಳಿದಳು.

"ಇವ್ರ ತೂಬಿನ್ತಾವ ಸಾ. ಬುತ್ತಿ ತಕ್ಕಂಡೋಗಿದ್ದೆ. ಉಂಡು ಒಂಗೆ ಮರದಡಿ ಮಲ್ಗಿದ್ರು. ಒಳ್ಳೆ ನಿದ್ದೆ. ಎಬ್ಬುಸ್ದೆ ಪಾತ್ರೆ ತೊಳ್ಯಕೆ ಇಳಿದೆ, ಜಾರ್ತು. ಕೂಗ್ಕಂಡ್ರೆ ಎಚ್ಚರಾಯ್ತರಲ್ಲ ಅಂತ ಸುಮ್ನೆ ಎದ್ ಬಂದೆ."

ಲಿಂಗರಾಜುವಿಗೆ ಅದು ಗೊತ್ತಿರಲಿಲ್ಲ. ಮಂಡಿ ಊದಿದ್ದು ಕಂಡಿದ್ದ. ತನ್ನಿಂದ ಹತ್ತು ಮಾರು ದೂರದಲ್ಲಿ, ತನ್ನ ಗೊರಕೆಯ ಪಕ್ಕದಲ್ಲಿ ಅವಳು ಬಿದ್ದಿದ್ದಳೆಂದು ಕಂಡಿರಲಿಲ್ಲ.

"ಒಳ್ಳೇ ಜಾಗ!" ಹೊಂಬಾಳಮ್ಮ ಚಪ್ಪಾಳೆ ತಟ್ಟಿದಳು. "ನೆಳ್ಳದೆ, ಎರಡು ಬೀದಿಗೂ ಸಮ ಆಯ್ತದೆ, ಗೇಟು ಎತ್ತಾಕೆ ಸೌಡಣ್ಣನೂ ಇರ್ತಾನೆ. ಅಲ್ಲೇ ಕಟ್ಸಿ ಸಾ!"

ಆ ತೂಬು, ಆ ಹೊಂಗೆಯ ನೆರಳು ಲಿಂಗರಾಜುವಿಗೆ ಭೂಮಿಯ ಮೇಲೆ ಯಾರೂ ಏನೂ ಹೇಳದೆ ತನ್ನ ಪಾಡಿಗೆ ಬಿಡುತ್ತಿದ್ದ ಒಂದೇ ಜಾಗ. ಬಾಯಿ ತೆರೆದ. ಪ್ರಸನ್ನ ಆಗಲೇ ಬರೆದಾಗಿತ್ತು.

ಬೇಸಿಗೆಯಲ್ಲಿ ನಾಲೆ ನಿಂತಾಗ ಹನ್ನೆರಡು ಮೆಟ್ಟಿಲು ಎದ್ದವು. ನೀರು ಬಂದ ದಿನದಿಂದ ಹೊಂಗೆಯ ಕೆಳಗೆ ಬೆಳಿಗ್ಗೆಯಿಂದ ಸಂಜೆವರೆಗೆ ದಬ ದಬ ಸದ್ದು, ಮಾತು, ನಗು. "ಸೌಡಣ್ಣ, ವಸಿ ನೀರು ಕಮ್ಮಿ ಮಾಡು." "ಸೌಡಣ್ಣ, ನನ್ ಸೋಪು ತೇಲೋಯ್ತು, ಇಡ್ಕೊ." ವಾರವಾಯಿತು, ಲಿಂಗರಾಜು ಹಗಲು ಕಣ್ಣು ಮುಚ್ಚಿರಲಿಲ್ಲ. ರೆಪ್ಪೆಗಳು ಗೇಟಿನ ಹಲಗೆಯಷ್ಟು ಭಾರವಾಗಿದ್ದವು.

ಜಯಲಕ್ಷ್ಮಮ್ಮ ಬುತ್ತಿ ತಂದಳು. ಒಂದೊಂದೇ ಮೆಟ್ಟಿಲು ಇಳಿದು, ನೆಟ್ಟಗೆ ನಡೆದು, ತಂದಿದ್ದ ದುಪ್ಪಟಿ ನೆನೆಸಿ ಒಗೆದು, ಒಂದು ತುದಿಯನ್ನು ಗಂಡನ ಕೈಗೆ ಕೊಟ್ಟಳು. "ಇಂಡಿ, ಆಮೇಲೆ ಉಣ್ಣೀರಿ."

ಲಿಂಗರಾಜು ತಿರುಚಿದ. ಅವಳೂ ತಿರುಚಿದಳು. ಒಂದು ತೊಟ್ಟೂ ಇಳಿಯಲಿಲ್ಲ. ಒಗೆಯುತ್ತಿದ್ದವರು ಕೈ ನಿಲ್ಲಿಸಿ ನಗತೊಡಗಿದರು.

"ನಾ ತಿರುವೋ ಕಡೀಕೇ ತಿರುವ್ತಿದ್ದೀರಲ್ರೀ," ಎಂದಳು ಜಯಲಕ್ಷ್ಮಮ್ಮ. "ನಂಗೆ ಎದುರಾಗಿ ತಿರುವ್ರಿ."

"ಮೂವತ್ತು ವರ್ಸ ಆಯ್ತು," ಎಂದ ಲಿಂಗರಾಜು, "ಅದೊಂದು ಅಭ್ಯಾಸ ಆಗಿಲ್ಲ ಕಣೆ."