ಮಾವನ ಮಗಳ ಹೆಸರು ಹೇಳಿದ್ದು

ಎಂ.ಎ. ಓದುವ ಶಿರಹಟ್ಟಿಯ ಹೊನ್ನೇಶನ ಪಾಲಿಗೆ ಬಂದ ಸೆಮಿನಾರು ವಿಷಯ ‘ಕ್ವಿಯರ್ ಓದು’. ಹುಡುಗ ಹುಡುಗನನ್ನು, ಹುಡುಗಿ ಹುಡುಗಿಯನ್ನು ಪ್ರೀತಿಸುವ ಕತೆಗಳನ್ನು ಮುಖ ಸಿಂಡರಿಸದೆ ಓದುವುದು ಹೇಗೆ ಎಂಬ ವಿಚಾರ. ಓದುವುದೇನೂ ಕಷ್ಟವಿರಲಿಲ್ಲ, ಓದುತ್ತ ಓದುತ್ತ ಇದು ತನ್ನದೇ ಕತೆ ಎಂದು ಗೊತ್ತಾದದ್ದೇ ಕಷ್ಟ. ಕೊನೆಗೆ ‘ನಾನೂ ಇವರೊಳಗೊಬ್ಬ’ ಎಂದುಬಿಡಬೇಕೆಂದು ಮನಸ್ಸು ಗಟ್ಟಿ ಮಾಡಿದ್ದ. ಸೆಮಿನಾರಿನ ದಿನವೂ ಬಂತು.

ಬೆಟಗೇರಿಯ ಅವನ ಬಾಡಿಗೆ ಕೋಣೆಯ ಮುಂದೆ ನಳ. ಎಷ್ಟೋ ದಿನದ ಮೇಲೆ ನೀರು ಬಂದು ಓಣಿಯೇ ನೆರೆದಿತ್ತು. ಮನೆಯೊಡತಿ ಹುಚ್ಚವ್ವ ಕೆದಕಿ ಕೆದಕಿ ವಿಷಯ ತಿಳಿದುಕೊಂಡಳು. ಕೊಡ ತುಂಬಿ ಹರಿದರೂ ಅವಳಿಗೆ ಖಬರಿಲ್ಲ.

“ಪರೀಕ್ಷಾಕ ಇಂಥಾವೂ ಬರ್ತಾವೇನೋ ತಮ್ಮಾ? ಮತ್ತ ನೀ ಹಂಗಲ್ಲಲ್ಲಾ?”

“ಛೇ ಛೇ, ಬರೇ ಮಾರ್ಕ್ಸಿನ ಸಲುವಾಗಿರಿ,” ಎಂದು ಹೊನ್ನೇಶ ಕಾಲೇಜಿಗೆ ಓಡಿದ.

ಸೆಮಿನಾರು ಚೆನ್ನಾಗಿಯೇ ನಡೆಯಿತು. ಕೊನೆಯ ಆ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಸಹಪಾಠಿ ಗಾಳೆಪ್ಪ ಎದ್ದು ನಿಂತ.

“ಲೇ, ಇಷ್ಟೆಲ್ಲಾ ನಿನಗ ಹ್ಯಾಂಗ ಗೊತ್ತಲೇ?”

ತರಗತಿ ಹೋ ಎಂದು ನಕ್ಕಿತು. ಹೊನ್ನೇಶ ಗಾಬರಿಯಾಗಿ, “ನಂದು ಲಗ್ನ ಗೊತ್ತಾಗೇತಿಪಾ! ಮುಂಡರಗಿ ಮಾವನ ಮಗಳು ನೇತ್ರಾನ ಜೋಡಿ!” ಎಂದುಬಿಟ್ಟ.

ಚಪ್ಪಾಳೆ ಬಿತ್ತು. ಗಾಳೆಪ್ಪನೂ ಮುಂಡರಗಿಯವನೇ, ಅದೂ ನೇತ್ರಾಳ ಓಣಿಯವನು. ಅಲ್ಲಿಂದಲೇ ಅವಳ ಅಪ್ಪ ಪುಂಡಲೀಕಪ್ಪನಿಗೆ ಫೋನು ಹಚ್ಚಿದ. ನಮ್ಮ ಕಡೆ ಸೋದರಮಾವನ ಮಗಳ ಹೆಸರು ಒಮ್ಮೆ ಬಾಯಿಗೆ ಬಂದರೆ ಅರ್ಧ ಲಗ್ನ ಆದಂತೆ. ಉಳಿದರ್ಧವನ್ನು ಓಣಿಯವರು ಮಾಡಿ ಮುಗಿಸುತ್ತಾರೆ.

ಹೊನ್ನೇಶ ಕೋಣೆಗೆ ಬರುವಷ್ಟರಲ್ಲಿ ಹುಚ್ಚವ್ವ ಜಮಖಾನೆ ಹಾಸಿದ್ದಳು. ಮಾವ ಪುಂಡಲೀಕಪ್ಪ ಮಗಳನ್ನು ಕರೆದುಕೊಂಡು ಬಂದು ಕುಳಿತಿದ್ದ.

“ಮಾವಾ, ಅದು ಚ್ಯಾಷ್ಟಿಗೆ ಅಂದಿದ್ದರಿ...”

“ಹೆಣ್ಣಿನ ಹೆಸರು ಚ್ಯಾಷ್ಟಿಗೆ ಯಾರರ ತೊಗೋತಾರೇನಲೇ ಅಳಿಯಾ? ಹೋಗು, ಆಕಿ ಮಾಳಿಗಿ ಮ್ಯಾಲ ಅದಾಳ. ಮಾತಾಡ್ಸು.”

ಹೊನ್ನೇಶ ಮೇಲೆ ಹೋಗಿ ಕಣ್ಣು ಮುಚ್ಚಿಕೊಂಡು ಹೇಳಿದ, “ನೇತ್ರಾ, ಸುಳ್ಳು ಹೇಳೀನಿ. ನನಗ ಹುಡುಗ್ಯಾರ ಮ್ಯಾಲ ಮನಸಿಲ್ಲ. ಹುಡುಗರ ಮ್ಯಾಲ ಐತಿ.”

ನೇತ್ರಾ ಹಣೆ ಚಚ್ಚಿಕೊಂಡಳು.

“ಇದನ್ನ ಮುಂಜಾನೆ ಕ್ಲಾಸಿನ್ಯಾಗ ಯಾಕ ಹೇಳಲಿಲ್ಲೋ? ನನಗ ಗೆಳತಿ ಶೈಲಾನ ಮ್ಯಾಲ ಮನಸೈತಿ ಅಂತ ನಿನ್ನೆ ಅಪ್ಪಗ ಹೇಳಿದ್ನಿ. ಬೈದ, ಅತ್ತ. ಕಡಿಗೆ, ‘ಹೊನ್ನೇಶ ಇದನ್ನ ಓದಾಕತ್ತಾನ. ಅಂವ ತಪ್ಪಲ್ಲ ಅಂದ್ರ ನಾನೂ ಒಪ್ತೀನಿ’ ಅಂದ. ನಿನ್ನ ಕೇಳಾಕಂತನ ಬಸ್ ಹತ್ತಿದ್ವಿ. ದಾರ್‍ಯಾಗ ಗಾಳೆಪ್ಪನ ಫೋನ್ ಬಂತು.”

ಹೊನ್ನೇಶ ಎದ್ದೆನೋ ಬಿದ್ದೆನೋ ಎಂದು ಕೆಳಗೆ ಓಡಿದ. ಮಾವ ಅವನನ್ನು ತಬ್ಬಿಕೊಂಡು ಕಿವಿಯಲ್ಲಿ ಹೇಳಿದ, “ನಿನ್ನ ಒಂದು ಮಾತು ಕೇಳೋದಿತ್ತು. ಇನ್ನ ಬ್ಯಾಡ. ಎಲ್ಲಾ ಓದಿದಾಂವ ನೀನ ನನ್ನ ಮಗಳ್ನ ಕೇಳಿದಿ ಅಂದ ಮ್ಯಾಲ ಅದೆಲ್ಲಾ ಪುಸ್ತಕದಾಗಿನ ಸುಳ್ಳು ಅಂತ ತಿಳೀತು. ನನ್ನ ಮಾನ ಉಳಿಸಿದಿ.”

ಹೊನ್ನೇಶ ಬಾಯಿ ತೆರೆದ. ಹುಚ್ಚವ್ವ ಅದರೊಳಗೆ ಒಂದು ಹಿಡಿ ಸಕ್ಕರೆ ಸುರಿದಳು. ಆಗಲಾದರೂ ಉಗುಳಿ ಒಂದು ಮಾತು ಆಡಬಹುದಿತ್ತು, ಪುಣ್ಯಾತ್ಮ. ಮೆಟ್ಟಿಲ ಮೇಲಿಂದ ನೇತ್ರಾ ನೋಡುತ್ತಿದ್ದಾಳೆಂದು ಗೊತ್ತಿದ್ದೂ ಸಕ್ಕರೆ ನುಂಗಿ ಮಾವನ ಕಾಲು ಮುಟ್ಟಿದ.