ಕಪ್ಪು ಕನ್ನಡಕದ ಉಪಕಾರ

ಶಿಸ್ತಿನ ಮನುಷ್ಯ ಎಂದು ಹೆಸರು ಮಾಡಿದವನಿಗೆ ಇರುವ ದೊಡ್ಡ ತೊಂದರೆ ಎಂದರೆ, ಅವನು ಯಾವಾಗ ತಪ್ಪು ಮಾಡುತ್ತಾನೆಂದು ಊರಿನವರು ಕಾದು ಕೂತಿರುತ್ತಾರೆ. ಬೇರೆಯವರು ದಿನಕ್ಕೆ ಹತ್ತು ತಪ್ಪು ಮಾಡಿ ಆರಾಮವಾಗಿ ಉಂಡು ಮಲಗುತ್ತಾರೆ. ನಾನು ವರ್ಷಕ್ಕೆ ಒಂದು ಮಾಡಿದರೂ ಅದು ಕೊಪ್ಪದಲ್ಲಿ ಬಸ್ಸು ಹತ್ತಿ, ನನಗಿಂತ ಮೊದಲೇ ಶೃಂಗೇರಿಯ ನನ್ನ ಷಡ್ಡಕರ ಮನೆ ತಲುಪಿರುತ್ತದೆ. ನರಸಿಂಹರಾಜಪುರದಲ್ಲಿ ಹುಡುಗರ ಹಾಸ್ಟೆಲಿನ ವಾರ್ಡನ್ ಆಗಿದ್ದವನು ನಾನು. ಏಳುವುದಕ್ಕೆ, ಓದುವುದಕ್ಕೆ, ಉಣ್ಣುವುದಕ್ಕೆ, ಎಲ್ಲದಕ್ಕೂ ಗಂಟೆ ಹೊಡೆಸಿದವನು. ನಿವೃತ್ತನಾಗಿ ಕೊಪ್ಪದಲ್ಲಿ ಮನೆ ಮಾಡಿ ವರ್ಷಗಳಾದರೂ ಆ ಗಂಟೆ ನನ್ನ ಒಳಗೆ ಹೊಡೆಯುತ್ತಲೇ ಇದೆ. ಐದಕ್ಕೆ ಏಳುವುದು, ಹನ್ನೆರಡೂವರೆಗೆ ಊಟ, ಒಂದೂವರೆಯಿಂದ ಎರಡರವರೆಗೆ ನಿದ್ದೆ. ಈ ಅರ್ಧ ಗಂಟೆಯ ನಿದ್ದೆಗೆ ನನಗೆ ಹಾಸಿಗೆ ಬೇಡ, ಅಲಾರಂ ಬೇಡ; ಕೂತಲ್ಲೇ ಬರುತ್ತದೆ, ಹೇಳಿದ ಹೊತ್ತಿಗೆ ಹೋಗುತ್ತದೆ. ಇದನ್ನು ಹಿಂದೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಈಗ ಅಷ್ಟಾಗಿ ಹೇಳುವುದಿಲ್ಲ.

ನಮ್ಮ ಮನೆಯ ಹಾಲಿನಲ್ಲಿ ಪ್ರತಿ ಶನಿವಾರ ನಾಲ್ಕರಿಂದ ಆರರವರೆಗೆ ತಾಳಮದ್ದಳೆ ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳಿ ಮುಗಿಸಿದ ಮೇಲೆ ಪಾತ್ರಧಾರಿಗಳು ಪಂಚೆ ಶರ್ಟಿನಲ್ಲಿ ಕೂತು ಮಾತಿನಲ್ಲೇ ಯುದ್ಧ ಮಾಡುತ್ತಾರೆ. ಒಂದು ಶನಿವಾರ ಇಬ್ಬರು ವೀರರು ಹೀಗೆ ಕಾದಾಡುತ್ತಿರುವಾಗ ಕೇಳುವವರಲ್ಲಿ ಅರ್ಧ ಜನ ತೂಕಡಿಸುತ್ತಿದ್ದುದನ್ನು ಕಂಡು ನನ್ನೊಳಗಿನ ವಾರ್ಡನ್ ಎದ್ದು ಕುಳಿತ. ಮರುವಾರವೇ ಒಂದು ಹಲಗೆಯ ಮೇಲೆ ನಿಯಮ ಬರೆದು ಗೋಡೆಗೆ ತೂಗುಹಾಕಿದೆ: ‘ಇಲ್ಲಿ ನಿದ್ದೆ ಮಾಡಿದವರು ಮುಂದಿನ ಮೂರು ಶನಿವಾರ ಎಲ್ಲರಿಗೂ ಕಾಫಿ ಹಂಚತಕ್ಕದ್ದು.’ ಮೊದಲು ಸಿಕ್ಕಿಬಿದ್ದವರು ಕಮ್ಮರಡಿಯಿಂದ ಬಸ್ಸಿನಲ್ಲಿ ಬರುವ ಶೇಷಪ್ಪ ಭಾವ, ನನ್ನ ಹೆಂಡತಿ ಜಲಜಳ ಅಣ್ಣ.

“ನಾನು ಕಣ್ಣು ಮುಚ್ಚಿ ಕೇಳ್ತಿದ್ದೆ ಮಾರಾಯ್ರೆ. ಕಣ್ಣು ಬಿಟ್ರೆ ರಸ ಹೋಗ್ತದೆ” ಎಂದು ಅವರು ವಾದಿಸಿದರು.

“ಕಣ್ಣು ಮುಚ್ಚಿದ್ದು ಅಂದ್ರೆ ಮುಚ್ಚಿದ್ದೇ, ಭಾವ” ಎಂದೆ.

ಅರವತ್ತೆಂಟರ ಹಿರಿಯರು ಮೂರು ಶನಿವಾರ ತಟ್ಟೆ ಹಿಡಿದು ಓಡಾಡಿದರು. ಪ್ರತಿ ಸಲವೂ ನನ್ನ ಮುಂದೆ ಬಗ್ಗಿ, “ಸಕ್ಕರೆ ಸಾಕಾ, ವಾರ್ಡನ್ ಭಾವ?” ಎಂದು ಕೇಳುವಾಗ ಅವರ ದನಿಯಲ್ಲಿದ್ದುದು ಸಕ್ಕರೆಯಂತೂ ಅಲ್ಲ.

ಹೀಗಿರುವಾಗ ಸಿನಿಮಾ ಬಂತು. ನನ್ನ ತಮ್ಮನ ಮಗಳು ಮೇಘನಾ ಇಲ್ಲಿಯೇ ಒಂದು ಕ್ಲಿನಿಕ್ಕಿನಲ್ಲಿ ಲ್ಯಾಬ್ ಕೆಲಸ ಮಾಡುತ್ತಾಳೆ. ಇಡೀ ದಿನ ಜನರ ರಕ್ತ ತೆಗೆಯುವ ಸೌಮ್ಯ ಹುಡುಗಿ. ಆದರೆ ದೈತ್ಯ ರೋಬೋಗಳೂ ಸಮುದ್ರದಿಂದೆದ್ದ ರಾಕ್ಷಸ ಪ್ರಾಣಿಗಳೂ ಹೊಡೆದಾಡುವ ಸಿನಿಮಾ ಎಂದರೆ ಪ್ರಾಣ. ಹೊಸದೊಂದು ಬಂದಾಗ ಅದರ ಟ್ರೇಲರನ್ನು ನಮ್ಮ ಶನಿವಾರದವರಿಗೆ ಫೋನಿನಲ್ಲಿ ತೋರಿಸಿಬಿಟ್ಟಳು. ಯಾವ ಯುದ್ಧದಲ್ಲಿ ಯಾರದು ಸರಿ ಎಂದು ಜೀವಮಾನವಿಡೀ ವಾದ ಮಾಡಿದ ಜನ, ಅವರಿಗೆ ಇಷ್ಟು ಸಾಕಾಯಿತು. ರೋಬೋ ಪಕ್ಷ, ಪ್ರಾಣಿ ಪಕ್ಷ ಎಂದು ಅಲ್ಲಿಯೇ ಎರಡು ಭಾಗವಾದರು. ಭಾನುವಾರ ವ್ಯಾನ್ ಮಾಡಿಕೊಂಡು ಹತ್ತು ಜನ ಶಿವಮೊಗ್ಗಕ್ಕೆ ಹೊರಟರು. ನಾನು ಹೊರಟದ್ದು ಸಿನಿಮಾ ನೋಡಲು ಅಲ್ಲ, ತಲೆ ಎಣಿಸಲು. ಎಣಿಸುವವರು ಇಲ್ಲದಿದ್ದರೆ ಹತ್ತು ಜನ ಹೋಗಿ ಒಂಬತ್ತು ಜನ ಬರುವ ಪೈಕಿ ಅವರು.

ಹನ್ನೊಂದೂಮುಕ್ಕಾಲರ ಆಟ. ಟಿಕೆಟ್ಟಿನ ಜೊತೆಗೆ ಒಂದೊಂದು ತ್ರೀಡಿ ಕನ್ನಡಕ ಕೊಟ್ಟರು. ವಾಪಸು ಕೊಡಬೇಕಾಗಿಲ್ಲ, ಮನೆಗೆ ಒಯ್ಯಬಹುದು ಎಂದರು. ಮಸಿಯಷ್ಟು ಕಪ್ಪು ಗಾಜು. ಅದನ್ನು ಹಾಕಿಕೊಂಡು ಒಂದೇ ಸಾಲಿನಲ್ಲಿ ಕೂತ ನಮ್ಮವರು ಕಣ್ಣಿನ ಆಪರೇಷನ್ ಶಿಬಿರದಿಂದ ಬಂದವರ ಹಾಗೆ ಕಾಣುತ್ತಿದ್ದರು. ರೋಬೋ ಎದ್ದು ನಿಂತಿತು, ತಲೆ ಮೋಡದಲ್ಲಿತ್ತು. ನನ್ನ ಎಡಕ್ಕಿದ್ದ ಸೀತೂರಿನ ತಿಮ್ಮಪ್ಪಗೌಡರು ನಿಟ್ಟುಸಿರು ಬಿಟ್ಟು, “ನಮ್ಮ ತೋಟಕ್ಕೆ ಆನೆ ಬಂದ್ರೆ ಕೈಗೆ ನಾಲ್ಕು ಪಟಾಕಿ ಕೊಟ್ಟು ಕಳಿಸ್ತಾರೆ. ಅಲ್ಲಿನೋರಿಗೆ ನೋಡಿ ಎಂಥಾ ಮಿಶನ್ ಕೊಟ್ಟಿದಾರೆ” ಎಂದರು. ಮನೆಯಿಂದ ಒಯ್ದಿದ್ದ ಚಪಾತಿ ಡಬ್ಬಿಯನ್ನು ಥಿಯೇಟರಿನವರು ಬಾಗಿಲಲ್ಲೇ ತೆಗೆದಿಟ್ಟುಕೊಂಡಿದ್ದರಿಂದ ಮಧ್ಯಂತರದಲ್ಲಿ ಒಂದು ಪಫ್ಸ್ ತಿಂದೆ. ಊಟ ತಪ್ಪಿದರೂ ಒಳಗಿನ ಗಂಟೆ ತಪ್ಪಬೇಕಲ್ಲ. ಪ್ರಾಣಿ ರೋಬೋದ ಎಡಗೈ ಕಿತ್ತು ಊರಿನ ಮೇಲೆ ಎಸೆದದ್ದು ನನಗೆ ನೆನಪಿದೆ. ಮುಂದಿನ ನೆನಪು, ಪರದೆಯ ಮೇಲೆ ಸಾಲುಸಾಲಾಗಿ ಹೆಸರುಗಳು ಏರುತ್ತಿದ್ದುದು. ಕೈಗಡಿಯಾರ ಸರಿಯಾಗಿ ಎರಡು ತೋರಿಸುತ್ತಿತ್ತು. ಸುತ್ತಲೂ ಶಿಳ್ಳೆ, ಚಪ್ಪಾಳೆ. ಜಲಜ ಕನ್ನಡಕ ಎತ್ತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನೂ ಎದ್ದು ಚಪ್ಪಾಳೆ ತಟ್ಟಿದೆ. ಗೆದ್ದವರು ಯಾರು ಎಂದು ಮಾತ್ರ ತಿಳಿಯದು.

ವ್ಯಾನಿನಲ್ಲಿ ತೀರ್ಥಹಳ್ಳಿಯವರೆಗೂ ಯುದ್ಧ ಮುಂದುವರಿಯಿತು. ಒಳಗೆ ಮನುಷ್ಯರು ಕೂತು ನಡೆಸುವ ರೋಬೋಗೆ ಎಂತದ್ದು ಪೌರುಷ ಎಂದು ಶೇಷಪ್ಪ ಭಾವ ಕೇಳಿದರು. ಹಾಗಾದರೆ ಕುದುರೆಯ ಮೇಲೆ ಕೂತು ಗೆದ್ದವರದ್ದೂ ಪೌರುಷವಲ್ಲವೇ ಎಂದು ಭಾಗವತರು ತಿರುಗಿಸಿದರು. ಅಷ್ಟು ಬಸ್ಸುಗಳನ್ನು ತುಳಿದರಲ್ಲ, ಅದರಲ್ಲಿದ್ದವರನ್ನು ಯಾರಾದರೂ ಕೇಳಿದರಾ ಎಂದು ಜಲಜ ಇಬ್ಬರನ್ನೂ ಬೈದಳು. ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಕಿಟಕಿಯ ಹೊರಗೆ ನೋಡುತ್ತ, “ಏನೇ ಆದ್ರೂ ಕೊನೆ ಹಾಗಾಗಬಾರದಿತ್ತು” ಎಂದೆ. ಎರಡೂ ಪಕ್ಷದವರು ನಾನು ತಮ್ಮ ಕಡೆ ಎಂದು ಖುಷಿಪಟ್ಟರು. ಅಬ್ಬ, ಪಾರಾದೆ ಎಂದುಕೊಳ್ಳುವಷ್ಟರಲ್ಲಿ ಹಿಂದಿನ ಸೀಟಿನಿಂದ ಮೇಘನಾಳ ದನಿ ಬಂತು. “ಕ್ಲೈಮ್ಯಾಕ್ಸಲ್ಲಿ ನಿಮ್ಮೆಲ್ಲರ ಮುಖಾನೂ ವಿಡಿಯೋ ಮಾಡಿದೀನಿ ದೊಡ್ಡಪ್ಪ. ನಾನು ಸಾಲಿನ ತುದೀಲಿದ್ನಲ್ಲ, ಎಲ್ಲರೂ ಬಂದಿದಾರೆ. ಶನಿವಾರ ಟೀವಿಗೆ ಹಾಕ್ತೀನಿ.” ಅಭಿಮಾನಿಗಳೆಲ್ಲ ಈಗ ಹೀಗೆ ಮಾಡುತ್ತಾರಂತೆ, ಸಿನಿಮಾಕ್ಕಿಂತ ಸಿನಿಮಾ ನೋಡುವವರ ಮುಖ ನೋಡುವುದು ಮಜವಂತೆ.

ಆ ಆರು ದಿನಗಳು ಹೇಗೆ ಕಳೆದವು ಎಂದು ನನಗೇ ಗೊತ್ತು. ಕಾಫಿ ಹಂಚುವುದು ದೊಡ್ಡದಲ್ಲ. ತಟ್ಟೆ ಹಿಡಿದು ಶೇಷಪ್ಪ ಭಾವನ ಮುಂದೆ, ಎಲ್ಲರೂ ನೋಡುತ್ತಿರುವಾಗ ಬಗ್ಗುವುದಿದೆಯಲ್ಲ, ಅದು ದೊಡ್ಡದು. ಅದಾದ ಮೇಲೆ ಆ ಹಲಗೆಯನ್ನು ಯಾರು ಲೆಕ್ಕಕ್ಕಿಡುತ್ತಾರೆ, ನನ್ನನ್ನು ಯಾರು ಲೆಕ್ಕಕ್ಕಿಡುತ್ತಾರೆ? ಫೋನಿನಲ್ಲಿ ಹಳೆಯದನ್ನು ಆಗಾಗ ಅಳಿಸುತ್ತಿರುವುದು ಒಳ್ಳೆಯ ಅಭ್ಯಾಸವೆಂದು ಮೇಘನಾಳಿಗೆ ಉಪದೇಶ ಮಾಡಿದೆ. ಎಲ್ಲದಕ್ಕೂ ಬ್ಯಾಕಪ್ ಇದೆ ಎಂದು ಅವಳು ನನಗೆ ಧೈರ್ಯ ಹೇಳಿದಳು. ಸಿನಿಮಾದ ಹೊತ್ತಿನಲ್ಲಿ ನನ್ನ ಮುಖ ಹೇಗಿತ್ತು ಎಂದು ಜಲಜಳನ್ನು ಸುತ್ತಿ ಬಳಸಿ ಕೇಳಿದೆ. “ನಿಮ್ಮ ಮುಖ ಮನೇಲೇ ಇದ್ಯಲ್ಲ, ಅದನ್ನ ನೋಡೋಕೆ ಶಿವಮೊಗ್ಗಕ್ಕೆ ಹೋಗ್ಬೇಕಾ?” ಎಂದಳು.

ಶನಿವಾರ ಬಂತು. ಟೀವಿಯಲ್ಲಿ ನಮ್ಮ ಸಾಲು ಮೂಡಿತು, ಪರದೆಯ ಬೆಳಕು ಮುಖಗಳ ಮೇಲೆ ಕೆಂಪಗೆ ನೀಲಿಯಾಗಿ ಹರಿದಾಡುತ್ತಿತ್ತು. ತಿಮ್ಮಪ್ಪಗೌಡರು ತಮ್ಮ ಮೇಲೆಯೇ ಏನೋ ಬೀಳುತ್ತಿದೆ ಎಂಬಂತೆ ತಲೆ ತಗ್ಗಿಸಿದರು. ಜಲಜ ಸೆರಗು ಕಚ್ಚಿಕೊಂಡಿದ್ದಳು. ಸಮುದ್ರ ಉಕ್ಕಿದಾಗ ಶೇಷಪ್ಪ ಭಾವ ಎರಡೂ ಕಾಲು ಎತ್ತಿ ಸೀಟಿನ ಮೇಲೆ ಇಟ್ಟುಕೊಂಡರು. ಅವರೆಲ್ಲರ ನಡುವೆ ನಾನು. ತಲೆ ಹಿಂದಕ್ಕೆ ಒರಗಿದೆ, ಬಾಯಿ ತೆರೆದಿದೆ, ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಗಾಜು. ರೋಬೋ ಬಿದ್ದಾಗ ಇಡೀ ಸಾಲು ಹಾರಿತು; ನಾನು ಕದಲಲಿಲ್ಲ.

“ದೊಡ್ಡಪ್ಪನ್ನ ನೋಡಿ. ಕಲ್ಲಾಗಿ ಹೋಗಿದಾರೆ” ಎಂದು ಮೇಘನಾ ತೋರಿಸಿದಳು.

“ನೋಡೋದು ಅಂದ್ರೆ ಹಾಗೆ ನೋಡ್ಬೇಕು. ನಾವೆಲ್ಲ ಎಂತ ನೋಡಿದ್ದು” ಎಂದರು ತಿಮ್ಮಪ್ಪಗೌಡರು.

ನನ್ನ ಎದೆಯ ಮೇಲಿಂದ ರೋಬೋ ಕಾಲು ತೆಗೆದ ಹಾಗಾಯಿತು. ಕನ್ನಡಕ ಕಂಡುಹಿಡಿದವರು ಯಾರೋ, ಅವರ ಮನೆ ತಣ್ಣಗಿರಲಿ ಎಂದು ಹರಸಿದೆ. ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಒಳ್ಳೆಯದನ್ನು ಪೂರ್ತಿ ಗಮನ ಕೊಟ್ಟು ನೋಡಬೇಕು, ಹಾಸ್ಟೆಲಿನಲ್ಲಿ ಹುಡುಗರಿಗೂ ಅದನ್ನೇ ಹೇಳುತ್ತಿದ್ದೆ ಎಂದು ಸಣ್ಣ ಭಾಷಣ ಬೇರೆ ಮಾಡಿದೆ. ಶೇಷಪ್ಪ ಭಾವ ಮಾತ್ರ ಇನ್ನೊಮ್ಮೆ ಹಾಕಲು ಹೇಳಿ, ಟೀವಿಯ ಹತ್ತಿರ ಹೋಗಿ ನಿಂತು ನೋಡಿದರು. “ಕನ್ನಡಕ ಭಾರಿ ಒಳ್ಳೇದು” ಎಂದಷ್ಟೇ ಹೇಳಿ ಬಸ್ಸಿಗೆ ಹೊರಟರು.

ಮುಂದಿನ ಶನಿವಾರ ಭಾವ ಎಲ್ಲರಿಗಿಂತ ಮೊದಲು ಬಂದು ಎದುರಿನ ಕುರ್ಚಿಯಲ್ಲಿ, ಸರಿಯಾಗಿ ಹಲಗೆಯ ಕೆಳಗೆ ಕೂತರು. ಪದ ಶುರುವಾಗುತ್ತಲೇ ಜೇಬಿನಿಂದ ಶಿವಮೊಗ್ಗದ ಆ ಕಪ್ಪು ಕನ್ನಡಕ ತೆಗೆದು ಹಾಕಿಕೊಂಡು, ತಲೆ ಹಿಂದಕ್ಕೆ ಒರಗಿಸಿ, ಬಾಯಿ ತೆರೆದರು. ಅರ್ಧ ಗಂಟೆ ಕದಲಲಿಲ್ಲ. ಜನ ಅವರನ್ನು ನೋಡಿದರು, ಹಲಗೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಎದ್ದು ಹೋಗಿ ಆ ಕನ್ನಡಕ ಎತ್ತಿ ನೋಡುವುದು ವಾರ್ಡನ್ನನ ಕರ್ತವ್ಯ. ಆದರೆ ಒಮ್ಮೆ ಕನ್ನಡಕ ಎತ್ತುವ ಪದ್ಧತಿ ಶುರುವಾದರೆ, ಶಿವಮೊಗ್ಗದಲ್ಲಿ ಇನ್ನೊಂದು ಕನ್ನಡಕದ ಹಿಂದೆ ಏನಿತ್ತು ಎಂದು ಯಾರಿಗಾದರೂ ಹೊಳೆಯದೆ ಇರುತ್ತದೆಯೇ? ನಾನು ಎದ್ದು ಸೀದಾ ಅಡುಗೆಮನೆಗೆ ಹೋದೆ. ಜಲಜಳ ಕೈಯಿಂದ ತಟ್ಟೆ ತೆಗೆದುಕೊಂಡು, ಎಲ್ಲರಿಗೂ ಕಾಫಿ ಹಂಚುತ್ತ, ಕೊನೆಗೆ ಭಾವನ ಮುಂದೆ ಬಗ್ಗಿದೆ. ಅವರು ಕನ್ನಡಕ ತೆಗೆಯದೆಯೇ ಬಾಯಿ ಮುಚ್ಚಿ, ಕೈ ಚಾಚಿ, ತಡವರಿಸದೆ ಲೋಟ ಎತ್ತಿಕೊಂಡರು. ನನಗಷ್ಟೇ ಕೇಳುವಂತೆ, “ಇದು ಎಷ್ಟನೇ ಶನಿವಾರ, ವಾರ್ಡನ್ ಭಾವ?” ಎಂದರು.

“ಮೊದಲನೇದು” ಎಂದೆ.